ಮಗ್ಗಕ್ಕೊಂದು ಎಳೆ, ಇನಸ್ಪೆಕ್ಟರಿಗೊಂದು ಬೈಗಳ

ನಮ್ಮ ಮೊಳಕಾಲ್ಮೂರಿನಲ್ಲಿ ಆ ವರ್ಷ ಮೊದಲನೇ ಇಲಿ ಬಿದ್ದದ್ದು ನಮ್ಮ ಮನೆಯಲ್ಲೇ. ಇದರಲ್ಲಿ ಹೇಳಿಕೊಳ್ಳುವ ದೊಡ್ಡಸ್ತಿಕೆ ಏನೂ ಇಲ್ಲ. ಆದರೆ ನಮ್ಮ ವಂಶ ಊರಿಗೇ ಮೊದಲು ಅನ್ನಿಸಿಕೊಂಡದ್ದು ಇದೊಂದರಲ್ಲೇ ಆದ್ದರಿಂದ ಬಿಟ್ಟುಕೊಡಲು ಮನಸ್ಸಿಲ್ಲ. ನಡುಮನೆಯಲ್ಲಿ ಅಣ್ಣ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ. ತೊಲೆಯ ಮೇಲಿಂದ ಇಲಿ ಪೊತ್ತೆಂದು ಅವನ ಪಕ್ಕದಲ್ಲೇ ಬಿತ್ತು, ಎರಡು ಸುತ್ತು ತಿರುಗಿತು, ಮಲಗಿತು. ಅಣ್ಣನೂ ಎರಡು ಸುತ್ತು ತಿರುಗಿದ, ಆದರೆ ಬೀದಿಯಲ್ಲಿ. ಸೊಂಟದ ತನಕ ಕುಣಿಯಲ್ಲಿದ್ದವನು ಒಂದೇ ನೆಗೆತಕ್ಕೆ ಹೊಸ್ತಿಲು ದಾಟಿದ್ದನ್ನು ನಾನು ಆಮೇಲೆ ಬಹಳ ಜನಕ್ಕೆ ಮಾಡಿ ತೋರಿಸಿದ್ದೇನೆ. ಅಷ್ಟು ಎತ್ತರಕ್ಕೆ ನನಗೆ ಒಮ್ಮೆಯೂ ಹಾರಲಾಗಲಿಲ್ಲ.

ಇಲಿ ಬಿದ್ದರೆ ಊರು ಬಿಡಬೇಕು. ಚಳ್ಳಕೆರೆಗೆ ಪ್ಲೇಗು ಬಂದು ಹೋಗಿ ಆಗಿತ್ತು, ಹಾಗಾಗಿ ಕಾಯಿದೆ ಎಲ್ಲರಿಗೂ ಬಾಯಿಪಾಠ. ತಮಟೆ ಹೊಡೆಯುವವನು ಸಾರಿ ಮುಗಿಸುವ ಮುಂಚೆಯೇ ನಮ್ಮ ಬೀದಿ ಚಾಪೆ, ಮಡಕೆ, ಒಂದೆರಡು ಮೇಕೆ ಸಮೇತ ಊರಾಚೆಯ ಕಲ್ಲುಗುಡ್ಡದ ಮಗ್ಗುಲಿಗೆ ಹೋಗಿ ಬಿದಿರು ತಟ್ಟಿಯ ಗುಡ್ಲು ಕಟ್ಟಿಕೊಂಡಿತು. ನಮ್ಮ ಮನೆಯಿಂದ ಹೋದವರು ನಾಲ್ಕು ಜನ: ಯಜಮಾನಿಯಾದ ಅಜ್ಜಿ, ಅಣ್ಣ, ಮದುವೆ ಗೊತ್ತಾಗಿದ್ದ ತಂಗಿ, ಮತ್ತು ಯಾವ ಕೆಲಸಕ್ಕೂ ಬಾರದ ನಾನು. ಅಪ್ಪ ಅವ್ವ ನಮಗೆ ಮೊದಲೇ ಇರಲಿಲ್ಲ.

ನನ್ನ ವಿಷಯ ಒಂದು ಮಾತು ಹೇಳಿ ಮುಗಿಸುತ್ತೇನೆ. ನೇಕಾರರ ಮನೆಯಲ್ಲಿ ಹುಟ್ಟಿದರೂ ನನ್ನ ಕೈಯಲ್ಲಿ ನೇಯ್ದ ಅಂಚು ಹಾವಿನ ಹಾಗೆ ಅತ್ತ ಇತ್ತ ಓಡುತ್ತದೆ. ದೇವರು ಕೈಗೆ ಕೊಡಬೇಕಾದದ್ದನ್ನು ತಪ್ಪಿ ಗಂಟಲಿಗೆ ಕೊಟ್ಟ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅದು ನನ್ನದು. ಪೂಜಾರಿ ಮಂತ್ರದ ನಡುವೆ ನಶ್ಯಕ್ಕೆ ನಿಲ್ಲುವುದು, ಸಂತೆಯ ಬಳೆಗಾರ ಸಾಹೇಬರು ಹೆಂಗಸರ ಎದುರು ಒಂದು ದನಿ ಗಂಡಂದಿರ ಎದುರು ಒಂದು ದನಿ ಇಟ್ಟುಕೊಂಡಿದ್ದದ್ದು, ಎಲ್ಲ ನನ್ನ ಹತ್ತಿರ ಜಮೆ. ಇಂಥವನಿಗೆ ತಟ್ಟಿಯ ಗುಡ್ಲು ಅಂದರೆ ಸ್ವರ್ಗ. ಮಣ್ಣಿನ ಗೋಡೆ ಒಳಗಿನ ಮಾತನ್ನು ಒಳಗೇ ಇಡುತ್ತದೆ. ತಟ್ಟಿ ಹಾಗಲ್ಲ, ಬೆಳಕನ್ನು ತಡೆಯುತ್ತದೆಯೇ ಹೊರತು ಗುಟ್ಟನ್ನು ತಡೆಯುವುದಿಲ್ಲ. ಯಾವ ಸೊಸೆಗೆ ವಾಂತಿ, ಯಾವ ಮಾವನಿಗೆ ಉಪ್ಪು ಸಾಲದು, ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ, ಎಲ್ಲ ಹೊತ್ತಾರೆಯ ಗಂಜಿಯ ಜೊತೆ ಬಿಸಿಬಿಸಿಯಾಗಿ ಕಿವಿಗೆ ಬೀಳುತ್ತಿತ್ತು.

ಹೊರಗಿನ ಸುದ್ದಿಗೆ ಕೊಂಡ್ಲಹಳ್ಳಿಯ ಗಾಡಿಯವನಿದ್ದ. ಚಳ್ಳಕೆರೆಗೆ ಹೋಗಿ ಬಂದಾಗಲೆಲ್ಲ ಒಂದೊಂದು ಹೊಸ ಆರೋಗ್ಯ ತರುತ್ತಿದ್ದ. ಒಂದು ಸಲ ಕೊರಳಿಗೆ ಕರ್ಪೂರ ಕಟ್ಟಿಕೊಳ್ಳಬೇಕು ಅಂದ. ಮುಂದಿನ ಸಲ ಕರ್ಪೂರ ಹಳೇದಾಯ್ತು, ಈಗ ಈರುಳ್ಳಿ ಅಂದ. ಅಣ್ಣ ಯಾವುದನ್ನೂ ಬಿಡದೆ ಎರಡನ್ನೂ ಕಟ್ಟಿಕೊಂಡ. ಅವನು ಹತ್ತಿರ ಬಂದರೆ ಮಂಗಳಾರತಿಯೂ ಪಲ್ಯವೂ ಒಟ್ಟಿಗೇ ಬಂದ ಹಾಗಾಗುತ್ತಿತ್ತು. ಶಾಲೆಯ ಮೇಷ್ಟರಿಗೆ ಬರುತ್ತಿದ್ದ ಪತ್ರಿಕೆಯಲ್ಲಿ ಮಾತ್ರ, ನೀರು ಕಾಯಿಸಿ ಕುಡಿಯಿರಿ, ಮನೆಯ ಕಿಟಕಿ ತೆರೆದಿಡಿ ಎಂದಿತ್ತಂತೆ. ನಮ್ಮ ಗುಡ್ಲಿಗೆ ಕಿಟಕಿ ಇರಲಿಲ್ಲ. ಅಥವಾ ಅದು ಪೂರಾ ಕಿಟಕಿಯೇ ಆಗಿತ್ತು.

ಇನ್ನು ಅಸಲು ಸಂಗತಿಗೆ ಬರುತ್ತೇನೆ.

ಇಲಿ ಬಿದ್ದ ದಿನ ಅಣ್ಣ ನೇಯುತ್ತಿದ್ದದ್ದು ತಂಗಿಯ ಧಾರೆ ಸೀರೆ. ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಹೆಣ್ಣುಮಗಳ ಧಾರೆ ಸೀರೆಗೆ ಉದ್ದೆಳೆಯ ಹಾಸು ಹೂಡಿದ ಮೇಲೆ ಅದು ಮಗ್ಗದಿಂದ ಇಳಿಯುವ ತನಕ ಮಗ್ಗ ಒಂದು ದಿನವೂ ಉಪವಾಸ ಇರಕೂಡದು. ಹಬ್ಬವಿರಲಿ, ಸೂತಕವಿರಲಿ, ಲಾಳಿ ಒಂದು ಸಲವಾದರೂ ಆಚೆಯಿಂದ ಈಚೆಗೆ ಓಡಿ ಒಂದು ಎಳೆ ಬೀಳಬೇಕು. ತಪ್ಪಿತೋ, ಆ ಹಾಸನ್ನು ಕತ್ತರಿಸಿ ಹೊಸದಾಗಿ ಹೂಡಬೇಕು. ಉಪವಾಸ ಬಿದ್ದ ಸೀರೆ ಮದುಮಗಳಿಗೆ ಸಲ್ಲದು. ಹೊಸದಾಗಿ ಹೂಡಲು ರೇಷ್ಮೆ ಎಲ್ಲಿ? ಪ್ಲೇಗಿನ ಊರಿಗೆ ವ್ಯಾಪಾರಿ ಕಾಲಿಡುತ್ತಿರಲಿಲ್ಲ. ಚಳ್ಳಕೆರೆಯ ಬೀಗರೋ, ಈ ಮಾಘದ ಲಗ್ನ ತಪ್ಪಿದರೆ ನಾವು ಬೇರೆ ಕಡೆ ನೋಡುತ್ತೇವೆ ಎಂದು ಗಾಡಿಯವನ ಬಾಯಲ್ಲೇ ಹೇಳಿ ಕಳಿಸಿದ್ದರು. ತಂಗಿ ಈ ಮಾತು ಕೇಳಿದಳು. ಒಲೆಯ ಮುಂದೆ ಕೂತು ಉರಿಯುತ್ತಿದ್ದ ಒಲೆಯನ್ನೇ ಊದತೊಡಗಿದಳು.

ಗುಡ್ಲಿಗೆ ಬಂದ ಮಾರನೇ ದಿನ ಇನ್ನೂ ಮಸಕಿರುವಾಗ ಅಜ್ಜಿ ಎದ್ದು ಸೆರಗು ಬಿಗಿದಳು. ನಾನು ಕಣ್ಣು ಬಿಟ್ಟೆ. ಊರೊಳಗೆ ಹೋಗಿ ಒಂದು ಎಳೆ ಹಾಕಿ ಬರುತ್ತೇನೆ ಎಂದಳು. ಅಣ್ಣ ಎದ್ದು ಕೂತು, ಇಲಿ ಬಿದ್ದ ಮನೆ ಅಜ್ಜೀ, ಅದೂ ಮಗ್ಗದ ಪಕ್ಕದಲ್ಲೇ, ಎಂದು ನಡುಗಿದ. ಹೋಗುವುದಾದರೆ ತಾನೇ ಹೋಗುತ್ತೇನೆ ಎಂದೂ ಅಂದ. ಅನ್ನುವಾಗ ಈರುಳ್ಳಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಆದರೂ ಅಂದ, ಅದನ್ನು ಒಪ್ಪಬೇಕು.

"ನೀವು ಮೂರೂ ಜನ ಇನ್ನೂ ಬದುಕಬೇಕಾದೋರು," ಅಂದಳು ಅಜ್ಜಿ. "ನಂದು ಉಂಡಿದ್ದಾತು, ಉಟ್ಟಿದ್ದಾತು. ಆ ಹೊಸ್ತಿಲು ನೀವು ದಾಟಿದ್ರೆ ಗೌರಸಮುದ್ರದ ಮಾರಮ್ಮನ ಆಣೆ."

ಹಾಗಾದರೆ ನಾನಾದರೂ ಹೋಗಲಾ ಎಂದೆ. ಅಜ್ಜಿ ನನ್ನ ಕೈ ನೋಡಿದಳು. "ನೀನು ಒಂದು ಎಳೆ ಹಾಕಿದ್ರೆ ಅದನ್ನ ಬಿಚ್ಚೋಕೆ ನಾನು ಎರಡನೇ ಸಲ ಹೋಗ್ಬೇಕಾಗ್ತೈತೆ. ಸುಮ್ನೆ ಮನಿಕ್ಕ. ಆ ಇನಸ್ಪೆಕ್ಟ್ರು ಬಂದ್ರೆ ಏನಾರ ಒಂದು ಹೇಳು."

ಇನಸ್ಪೆಕ್ಟರು ಮೈಸೂರು ಕಡೆಯವರು. ಪ್ಲೇಗಿನ ಸಲುವಾಗಿಯೇ ಬಂದವರು. ಮೂಗಿಗೆ ನೀಲಗಿರಿ ಎಣ್ಣೆ ಹಚ್ಚಿದ ಕರವಸ್ತ್ರ ಒತ್ತಿಕೊಂಡು ದಿನಾ ಬೆಳಿಗ್ಗೆ ಗುಡ್ಲಿನಿಂದ ಗುಡ್ಲಿಗೆ ಬಂದು, ಒಳಗೆ ಕಾಲಿಡದೆ ದೂರದಿಂದಲೇ ವಿಚಾರಿಸುತ್ತಿದ್ದರು. ಜ್ವರ ಇದ್ದವರನ್ನೂ, ಕದ್ದು ಊರೊಳಗೆ ಹೋಗಿ ಬಂದವರನ್ನೂ ಹಳ್ಳದ ಆಚೆ ಬೇರೆ ಶೆಡ್ಡಿಗೆ ಕಳಿಸುವ ಅಧಿಕಾರ ಅವರದು. ಆ ಶೆಡ್ಡಿಗೆ ಹೋದವರು ನಡೆದುಕೊಂಡು ವಾಪಸು ಬರುವುದಿಲ್ಲ ಎಂಬ ಮಾತು ನಮ್ಮ ಗುಡ್ಲುಗಳಲ್ಲಿ ಓಡಾಡುತ್ತಿತ್ತು. ಊರಲ್ಲಿ ಅಜ್ಜಿಗೆ ಏನಾದೀತೋ ಎಂಬ ಹೆದರಿಕೆ ಒಂದು, ವಾಪಸು ಬರುವಾಗ ಸಿಕ್ಕಿಬಿದ್ದರೆ ಏನು ಗತಿ ಎಂಬುದು ಇನ್ನೊಂದು. ಎರಡರ ನಡುವೆ ಮನಿಕ್ಕ ಅಂದರೆ ಯಾವನು ಮಲಗುತ್ತಾನೆ?

ಗುಡ್ಲಿಗೆ ಬಂದ ದಿನವೇ ಅವರು ಅಜ್ಜಿಯನ್ನು ಜ್ವರ ಗಿರ ಏನಾದರೂ ಇದೆಯೇ ಎಂದು ಕೇಳಿ ಸರಿಯಾಗಿ ಅನ್ನಿಸಿಕೊಂಡಿದ್ದರು. ಜ್ವರ ನಿನಗೆ ಬರ್ಲಿ, ಬಂದವನೇ ಮಂದಿಗೆ ಜ್ವರ ಐತಾ ಜ್ವರ ಐತಾ ಅಂತೀಯಲ್ಲ, ನಿಮ್ಮವ್ವ ನಿಂಗೆ ಬೇರೆ ಮಾತೇ ಕಲಿಸ್ಲಿಲ್ವೇನೋ ಅಂತ. ಇನಸ್ಪೆಕ್ಟರು ಕರವಸ್ತ್ರದೊಳಗೇ ನಕ್ಕು, ಇಷ್ಟು ದಮ್ಮು ಇದ್ದ ಮೇಲೆ ರೋಗವಿಲ್ಲ ಬಿಡಿ ಎಂದು ಮುಂದೆ ಹೋಗಿದ್ದರು.

ಹಾಗಾಗಿ ಮಾರನೇ ಬೆಳಿಗ್ಗೆ ಅವರು ಬಂದು "ಅಜ್ಜಿ ಇದ್ದೀರಾ?" ಎಂದಾಗ ನಾನು ಏನಾರ ಒಂದು ಹೇಳಲಿಲ್ಲ. ಕಂಬಳಿ ಹೊದ್ದು ಮೂಲೆಯಲ್ಲಿ ಕೂತು ಅಜ್ಜಿಯ ಗಂಟಲಲ್ಲೇ ಬೈದೆ. ಬೈಯುವ ಮುಂಚೆ ಅವಳು ಒಂದು ಸಲ ಎಲೆಯಡಿಕೆ ಬಾಯಲ್ಲಿ ಹೊರಳಿಸುತ್ತಾಳೆ, ಅದನ್ನೂ ಬಿಡಲಿಲ್ಲ. "ಇಲ್ದೆ ಎಲ್ಲಿಗೋಗ್ಲೋ, ನಿನ್ನ ಮದ್ವೀಗೆ ಚಪ್ಪರ ಹಾಕೋಕಾ?" ಎಂದೆ. ಇನಸ್ಪೆಕ್ಟರು ಸಂತೋಷವಾಗಿ ಮುಂದೆ ಹೋದರು. ಅಣ್ಣ ನನ್ನನ್ನು ದೆವ್ವ ನೋಡಿದ ಹಾಗೆ ನೋಡಿದ.

ಇದೇ ನಮ್ಮ ದಿನಚರಿಯಾಯಿತು. ಅಜ್ಜಿ ಬಂಡೆಗಳ ಮರೆಯಲ್ಲಿ ಇಳಿದು ಹಿತ್ತಲ ಬಾಗಿಲಿಂದ ಹೋಗಿ ಮಗ್ಗಕ್ಕೊಂದು ಎಳೆ ಕೊಡುವುದು, ನಾನು ಇನಸ್ಪೆಕ್ಟರಿಗೊಂದು ಬೈಗಳ ಕೊಡುವುದು. ಅಜ್ಜಿಯ ಕೆಲಸ ಸುಲಭ, ದಿನಾ ಅದೇ ಎಳೆ. ನನಗೆ ದಿನಾ ಹೊಸ ಬೈಗಳ ಬೇಕಿತ್ತು. ಹಳೇದನ್ನೇ ಹೇಳಿದರೆ ಇನಸ್ಪೆಕ್ಟರಿಗೆ ಅನುಮಾನ. ಏನು ಅಜ್ಜಿ, ಇವತ್ತು ಸ್ವಲ್ಪ ಸಪ್ಪಗಿದ್ದೀರಿ, ನಾಲಿಗೆ ತೋರಿಸಿ ಎನ್ನುವ ಆಸಾಮಿ. ಒಂದು ಬೆಳಿಗ್ಗೆ ನನ್ನ ಚೀಲ ಪೂರ್ತಿ ಖಾಲಿಯಾಯಿತು. ಅವರು ಹೊರಗೆ ನಿಂತಿದ್ದಾರೆ, ನಾನು ಬಾಯಲ್ಲಿ ಇಲ್ಲದ ಎಲೆಯಡಿಕೆಯನ್ನು ಹೊರಳಿಸುತ್ತಲೇ ಇದ್ದೇನೆ. ಆಗ ಪಕ್ಕದ ತಟ್ಟಿಯಿಂದ ಪಿಸುಮಾತು ಬಂತು.

"'ಹಲ್ಲುಜ್ಜದ ಬಾಯಲ್ಲಿ ಅಜ್ಜಿ ಅಂತೀಯಾ' ಅನ್ನು."

ಅಂದೆ. ಇನಸ್ಪೆಕ್ಟರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೋದರು.

ಹೇಳಿಕೊಟ್ಟವಳು ನಾವು ಅತ್ತೆ ಎಂದು ಕರೆಯುತ್ತಿದ್ದ ಪಕ್ಕದ ಗುಡ್ಲಿನವಳು. ಊರಲ್ಲೂ ನಮ್ಮ ಪಕ್ಕದ ಮನೆಯೇ. ಯಾವುದೋ ಕಾಲದಲ್ಲಿ ಬೀದಿಯಲ್ಲಿ ಹಾಸು ಹರಡಿದ್ದಾಗ ಅವಳ ಕೋಳಿ ಅದರ ಮೇಲೆ ನಡೆದುಹೋಯಿತು ಎಂದು ಅಜ್ಜಿಗೂ ಅವಳಿಗೂ ಮಾತಿಲ್ಲ. ಆ ಕೋಳಿ ಸತ್ತು, ಅದರ ಮೊಮ್ಮಕ್ಕಳೂ ಸಾರಾಗಿ ಹೋಗಿವೆ, ಜಗಳ ಮಾತ್ರ ಗುಂಡುಕಲ್ಲಿನಂತಿದೆ. ಮೊದಲ ದಿನದಿಂದಲೂ ತಟ್ಟಿಯಾಚೆ ಎಲ್ಲ ಕೇಳಿಸಿಕೊಂಡು ಯಾರಿಗೂ ಬಾಯಿಬಿಡದೆ ಇದ್ದಳು. ಅಜ್ಜಿಯ ಬೈಗಳ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟು ವರ್ಷ ಅವನ್ನೆಲ್ಲ ತಿಂದವಳೇ ಅವಳು. ಅಂದಿನಿಂದ ನನ್ನ ಕಣಜ ತುಂಬಿತು.

ಕೆಟ್ಟದ್ದು ಎಲ್ಲಿ ಅಂದರೆ, ಇನಸ್ಪೆಕ್ಟರಿಗೆ ಅಜ್ಜಿಯ ಮೇಲೆ ವಿಶ್ವಾಸ ಬೆಳೆದುಬಿಟ್ಟಿತು. ಒಂದು ದಿನ ಬೈಸಿಕೊಂಡ ಮೇಲೂ ಹೋಗಲಿಲ್ಲ. ದನಿ ಇಳಿಸಿ, ಹೊಟ್ಟೆ ಕಟ್ಟಿಕೊಂಡು ಕೂತಿದೆ, ಡಾಕ್ಟರ ಪುಡಿಗೂ ಬಗ್ಗಲಿಲ್ಲ, ನಿಮ್ಮ ಕೈಮದ್ದು ಏನಾದರೂ ಇದ್ದರೆ ಹೇಳಿ ಎಂದರು. ಊರಿಗೆಲ್ಲ ಆರೋಗ್ಯ ವಿಚಾರಿಸುವವರು ತಟ್ಟಿಯ ಎದುರು ತಮ್ಮ ಹೊಟ್ಟೆ ಹಿಡಿದು ನಿಂತಿದ್ದರು. ನನಗೆ ಮದ್ದು ಗೊತ್ತಿಲ್ಲ. ಆದರೆ ದನಿ ಒಂದು ಸಲ ಏರಿತು ಅಂದರೆ ಅದು ನನ್ನ ಮಾತು ಕೇಳುವುದಿಲ್ಲ. ಔಡಲೆಣ್ಣೆ ಕುಡಿಯೋ, ಬಿಸಿನೀರಲ್ಲಿ, ಒಂದು ಸೌಟು, ಎಂದುಬಿಟ್ಟೆ.

"ಸೌಟಲ್ಲೋ, ಚಮಚ," ಎಂದಿತು ಪಕ್ಕದ ತಟ್ಟಿ. ಅಷ್ಟರಲ್ಲಿ ಇನಸ್ಪೆಕ್ಟರು ನಮಸ್ಕಾರ ಹೇಳಿ ಹೊರಟಾಗಿತ್ತು.

ಮಾರನೇ ದಿನ ಅವರು ಯಾವ ಗುಡ್ಲಿಗೂ ಬರಲಿಲ್ಲ. ಎಲ್ಲಿದ್ದಾರೆ ಎಂದು ಯಾರೂ ಕೇಳುವ ಅಗತ್ಯವೂ ಇರಲಿಲ್ಲ. ಗಾಡಿಯವನು ಹೇಳಿದ, ಹಿತ್ತಲಿಗೂ ಮನೆಗೂ ನಡುವೆ ಇದ್ದಾರೆ ಎಂದು. ಅದರ ಮಾರನೇ ದಿನ ಬಂದರು. ಮಾಮೂಲಿಗಿಂತ ಬಹಳ ತಡವಾಗಿ ಬಂದರು. ಮುಖ ಅರ್ಧವಾಗಿತ್ತು, ಆದರೆ ಆ ಅರ್ಧದಲ್ಲಿ ಬಹಳ ನೆಮ್ಮದಿ ಇತ್ತು. ಒಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಮೂಗಿನ ಮೇಲೆ ಕರವಸ್ತ್ರವೂ ಇಲ್ಲ. ಅಜ್ಜೀ, ನೀವು ಹೆತ್ತತಾಯಿಗಿಂತ ಹೆಚ್ಚು, ಇದನ್ನು ನಿಮ್ಮ ಕೈಗೇ ಕೊಟ್ಟು ಕಾಲಿಗೆ ಬೀಳುತ್ತೇನೆ ಎನ್ನುತ್ತ ನೇರವಾಗಿ ಬಾಗಿಲ ತಟ್ಟಿಗೆ ಕೈ ಹಾಕಿದರು.

"ಬರ್ಬೇಡ, ಸೀರೆ ಉಡ್ತಿದೀನಿ," ಎಂದೆ.

ಮರ್ಯಾದಸ್ತರು. ಚಟ್ಟನೆ ಕೈ ತೆಗೆದು ಬೆನ್ನು ತಿರುಗಿಸಿ ನಿಂತರು. ಬೆನ್ನು ತಿರುಗಿಸಿದರೆ ಮುಖ ಯಾವ ಕಡೆಗಾಗುತ್ತದೆ? ಬಂಡೆಗಳ ನಡುವಿನ ಕಾಲುಹಾದಿಯ ಕಡೆಗೆ. ಆ ಹಾದಿಯಲ್ಲಿ ಅಜ್ಜಿ ಮೊಣಕಾಲ ಮೇಲೆ ಕೈಯೂರಿ ಹತ್ತಿ ಬರುತ್ತಿದ್ದಳು. ನನಗೆ ಇದೇನೂ ಕಾಣದು. ಸೀರೆ ಉಡಲು ಬೇಕಾಗುವಷ್ಟು ಹೊತ್ತು ತುಂಬಬೇಕಲ್ಲ ಎಂದು ಒಳಗಿಂದ ಒಂದೇ ಸಮನೆ ಬೈಯುತ್ತಿದ್ದೆ. ಹೆಂಗಸರ ಗುಡ್ಲಿಗೆ ನುಗ್ತೀಯಾ, ನಿಮ್ಮೂರಲ್ಲಿ ಬಾಗ್ಲು ಅನ್ನೋದು ಇಲ್ವಾ ಅಂತ. ಅಜ್ಜಿ ಹಾದಿಯಲ್ಲೇ ನಿಂತಳು. ನಾನು ಏನಾರ ಹೇಳುತ್ತೇನೆ ಎಂದು ಗೊತ್ತಿತ್ತೇ ಹೊರತು ಅವಳ ದನಿಯಲ್ಲೇ ಹೇಳುತ್ತೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ತನ್ನ ಗಂಟಲು ತನಗಿಂತ ಮುಂಚೆ ಮನೆ ಸೇರಿರುವುದನ್ನು ಕೇಳಿ ಅವಳಿಗೆ ಇನಸ್ಪೆಕ್ಟರು ನಿಂತಿರುವುದೂ ಮರೆತುಹೋಯಿತು.

"ಯಾವಳೇ ಅವಳು, ನನ್ನ ಗುಡ್ಲಲ್ಲಿ ಕುಂತು ನನ್ನ ಗಂಟ್ಲಲ್ಲಿ ಬೈಯೋಳು?" ಅಂದಳು. ಒಂದು ಗಳಿಗೆ ಕಿವಿಗೊಟ್ಟು ಕೇಳಿ, "ಅದೂ ಇಷ್ಟು ಸಪ್ಪಗೆ?"

ನಾನು ಬಾಯಿ ಮುಚ್ಚಿದೆ. ಪಕ್ಕದ ತಟ್ಟಿಯಾಚೆ ಅತ್ತೆ ಸೆರಗು ಬಾಯಿಗೆ ತುರುಕಿಕೊಂಡ ಸದ್ದು ಕೇಳಿತು. ಕಂಬಳಿ ಹೊದ್ದುಕೊಂಡೇ ಹೊರಗೆ ಬಂದೆ. ಇನಸ್ಪೆಕ್ಟರು ಒಂದು ಸಲ ಅಜ್ಜಿಯನ್ನು ನೋಡಿದರು, ಒಂದು ಸಲ ನನ್ನನ್ನು. ಬಾಳೆಹಣ್ಣು ಯಾರಿಗೆ ಕೊಡಬೇಕೆಂದು ತಿಳಿಯದೆ ಕೈ ನಡುವೆ ನಿಂತಿತ್ತು.

"ಹಾಗಾದರೆ ಆ ಔಡಲೆಣ್ಣೆ..." ಅಂದರು.

"ನಾನೇ ಸ್ವಾಮಿ."

"ಒಂದು ಸೌಟು."

"ಚಮಚ ಅಂತ ಆಮೇಲೆ ಗೊತ್ತಾಯ್ತು ಸ್ವಾಮಿ."

ಅವರು ನಗಲಿಲ್ಲ. ಅಜ್ಜಿಯ ಬೆರಳಿಗೆ ಅಂಟಿಕೊಂಡಿದ್ದ ಕೆಂಪು ರೇಷ್ಮೆಯ ಒಂದು ಎಳೆ ಅವರ ಕಣ್ಣಿಗೆ ಬಿದ್ದಿತ್ತು. ಊರೊಳಗೆ ಹೋಗಿದ್ದಿರಾ ಎಂದು ಕೇಳಿದರು. ಅಜ್ಜಿ ಸುಳ್ಳು ಹೇಳಲಿಲ್ಲ. ಮಗ್ಗದ ಪದ್ಧತಿ, ಚಳ್ಳಕೆರೆಯ ಬೀಗರ ಮಾತು, ಎಲ್ಲ ಹೇಳಿದಳು. ಇನಸ್ಪೆಕ್ಟರು ಕರವಸ್ತ್ರ ತೆಗೆದು ಮತ್ತೆ ಮೂಗಿಗೆ ಒತ್ತಿಕೊಂಡರು. ಕಾಯಿದೆಯ ಪ್ರಕಾರ ಅಜ್ಜಿ ಇವತ್ತೇ ಹಳ್ಳದ ಆಚೆಯ ಶೆಡ್ಡಿಗೆ ಹೋಗಬೇಕು ಎಂದರು. ತಂಗಿ ಒಲೆಯ ಮುಂದಿನಿಂದ ಎದ್ದು ಬಂದು, ನನಗೆ ಆ ಸೀರೆ ಬ್ಯಾಡ, ಮದುವೆಯೂ ಬ್ಯಾಡ, ಅಜ್ಜಿ ಇಲ್ಲೇ ಇರ್ಲಿ ಎಂದಳು. ಗುಡ್ಲಿಗೆ ಬಂದ ಮೇಲೆ ಅವಳು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

"ನೀನು ಸುಮ್ಕಿರೇ," ಎಂದಳು ಅಜ್ಜಿ. ಇನಸ್ಪೆಕ್ಟರ ಕಡೆ ತಿರುಗಿ, "ಶೆಡ್ಡಿಗೆ ಹೋಗ್ತೀನಿ. ನಾಳೆ ಆ ಮಗ್ಗಕ್ಕೆ ಎಳೆ ನೀನು ಹಾಕ್ತೀಯೇನಪ್ಪಾ?" ಎಂದಳು.

ಅದು ಬೈಗಳವಲ್ಲ. ಅವಳು ನಿಜವಾಗಿಯೂ ಕೇಳಿದ್ದು. ಇನಸ್ಪೆಕ್ಟರು ಬಾಳೆಹಣ್ಣನ್ನು ಅವಳ ಮುಂದೆ ಕೆಳಗಿಟ್ಟು, ಜನ ಊರೊಳಗೆ ಹೋಗಬಾರದು ಎಂದು ಕಾಯಿದೆ ಇದೆ, ಮಗ್ಗ ಊರಿಂದ ಹೊರಗೆ ಬರಬಾರದು ಎಂದು ಇಲ್ಲ, ನನ್ನ ಎದುರಲ್ಲೇ ತಂದು ಶುದ್ಧ ಮಾಡಬೇಕು ಅಷ್ಟೇ ಎಂದರು.

ಇದು ಯಾಕೆ ನಮಗೆ ಮೊದಲೇ ಹೊಳೆಯಲಿಲ್ಲ ಎಂದು ಕೇಳಬಹುದು. ಅಣ್ಣನಿಗೆ ಹೊಳೆದಿತ್ತು, ಅಜ್ಜಿ ಒಪ್ಪಿರಲಿಲ್ಲ. ಈಗಲೂ ಅದೇ ತಕರಾರು.

"ಮಗ್ಗ ಬರ್ತೈತೆ. ಕುಣಿ ಹೆಂಗೆ ಬರ್ತೈತೆ? ನಮ್ಮ ಯಜಮಾನ್ರು ತೋಡಿದ ಕುಣಿ ಅದು. ಈ ಮನೆ ಹೆಣ್ಮಕ್ಕಳ ಸೀರೆ ಎಲ್ಲ ಅದರ ಮೇಲೇ ಆಗಿರೋದು."

ಕುಣಿ ಅಂದರೆ ಮಣ್ಣು ತೆಗೆದ ಖಾಲಿ ಜಾಗ ತಾನೆ ಅಜ್ಜೀ, ಖಾಲಿ ಇಲ್ಲೂ ಬೇಕಾದಷ್ಟು ಐತೆ, ನನ್ನ ತಲೆಯೊಳಗೇ ಐತೆ ಎಂದೆ. ಅಜ್ಜಿ ನಗಲಿಲ್ಲ. ಯೋಚಿಸಿದಳು. ಆಮೇಲೆ, ಅದರ ತಳದ ಒಂದು ಪುಟ್ಟಿ ಮಣ್ಣು ಬಂದರೆ ಕುಣಿ ಬಂದ ಹಾಗೇ ಲೆಕ್ಕ ಎಂದಳು.

ಅವತ್ತು ಮಧ್ಯಾಹ್ನ ಇನಸ್ಪೆಕ್ಟರ ಆಳುಗಳು ನಮ್ಮ ಮನೆಗೆ ಮದ್ದಿನ ನೀರು ಚಿಮುಕಿಸಿದರು. ಅಜ್ಜಿ ಇಟ್ಟಿದ್ದ ಆಣೆಯನ್ನು ಅವಳೇ ಬಿಡಿಸಿದಳು. ಅಣ್ಣ ಕರ್ಪೂರ, ಈರುಳ್ಳಿ ಎರಡನ್ನೂ ಮುಟ್ಟಿ ನೋಡಿಕೊಂಡು ಇನಸ್ಪೆಕ್ಟರ ಅಪ್ಪಣೆಯ ಮೇಲೆ ಒಳಗೆ ಹೋಗಿ, ಒಂದು ಎಳೆಯೂ ಹರಿಯದಂತೆ ಹಾಸು ಸಮೇತ ಸೀರೆಯನ್ನು ಮಗ್ಗದ ಮರದ ದಿಂಡಿಗೆ ಸುತ್ತಿ, ಹಸುಗೂಸನ್ನು ತರುವ ಹಾಗೆ ಎದೆಗವಚಿಕೊಂಡು ಬಂದ. ಅವನ ಮುಖ ಸುಣ್ಣವಾಗಿತ್ತು, ಕೈ ಮಾತ್ರ ನಡುಗಲಿಲ್ಲ. ಅದನ್ನು ಅಣಕಿಸಲು ನನಗೆ ಇವತ್ತಿಗೂ ಬಂದಿಲ್ಲ. ಮರದ ಸಾಮಾನೂ ಮಣ್ಣಿನ ಪುಟ್ಟಿಯೂ ನನ್ನ ತಲೆಯ ಮೇಲೆ. ಊರಿಂದ ಬಂದದ್ದೆಲ್ಲ ಬಿಸಿಲಿಗೆ ಹಾಕಬೇಕು ಎಂದರು ಇನಸ್ಪೆಕ್ಟರು. ರೇಷ್ಮೆ ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತೆ ಎಂದು ತಂಗಿ ಅಡ್ಡ ನಿಂತಳು. ರೇಷ್ಮೆಗೆ ನೆರಳಲ್ಲಿ ಬೇವಿನ ಹೊಗೆ, ಮಣ್ಣಿಗೆ ಬಿಸಿಲು ಎಂದು ರಾಜಿಯಾಯಿತು. ಒಂದು ಚಾಪೆಯ ತುಂಬ ಮಣ್ಣು ಹರಡಿ, ಅದನ್ನು ಕೆದಕಲು ಬಂದ ಕೋಳಿಗಳನ್ನು ಓಡಿಸುತ್ತ ಸರ್ಕಾರದ ಇನಸ್ಪೆಕ್ಟರು ಕೊಡೆ ಹಿಡಿದು ಕೂತದ್ದನ್ನು ನೋಡಲು ಎಲ್ಲ ಗುಡ್ಲುಗಳೂ ಖಾಲಿಯಾದವು.

ಕುಣಿ ತೋಡುವುದು ಇನ್ನೊಂದು ಕತೆ. ನಮ್ಮ ಗುಡ್ಡದಲ್ಲಿ ಎಲ್ಲಿ ಹಾರೆ ಹಾಕಿದರೂ ಠಣ್ ಎನ್ನುತ್ತದೆ. ಗುಡ್ಲೊಳಗೆ ಎಲ್ಲ ಕಡೆ ಠಣ್ ಎನ್ನಿಸಿ ಕೊನೆಗೆ ಮೆತ್ತಗೆ ಇಳಿದದ್ದು ಒಂದೇ ಕಡೆ: ನಮಗೂ ಅತ್ತೆಗೂ ನಡುವಿನ ತಟ್ಟಿಯ ನೇರ ಕೆಳಗೆ. ಅಣ್ಣ ಹಾರೆ ಹಿಡಿದು ನಿಂತ. ಅಜ್ಜಿ ಆ ಕಡೆ ನೋಡಲೊಲ್ಲಳು, ಕೇಳಲೊಲ್ಲಳು. ಆಗ ತಟ್ಟಿಯೇ ಮಾತಾಡಿತು.

"ತೆಗೀರಿ ಅತ್ಲಾಗೆ. ಹೆಂಗೂ ಎಲ್ಲಾ ಕೇಳ್ತಿತ್ತು, ಇನ್ನು ನೋಡ್ತೀನಿ."

ಹಾಗೆ ಎರಡು ಗುಡ್ಲು ಒಂದಾಗಿ, ನಡುವೆ ಮಗ್ಗ ಕೂತಿತು. ಮಾರನೇ ದಿನದ ಎಳೆ ತಪ್ಪಲಿಲ್ಲ. ಅಜ್ಜಿಯನ್ನು ಇನಸ್ಪೆಕ್ಟರು ಶೆಡ್ಡಿಗೆ ಕಳಿಸಲಿಲ್ಲ, ಬಿಡಲೂ ಇಲ್ಲ. ಜ್ವರ ಬರುವುದಿದ್ದರೆ ಬರುವಷ್ಟು ದಿನ ಕಳೆಯುವ ತನಕ ಅವಳು ಗುಡ್ಲಿನ ಒಂದು ಮೂಲೆಯಲ್ಲೇ ಇರಬೇಕು, ದಿನಾ ಬೆಳಿಗ್ಗೆ ತಾವು ಬಂದಾಗ ಖುದ್ದಾಗಿ ಬೈಯಬೇಕು ಎಂದು ಗೊತ್ತು ಮಾಡಿದರು. ಮಗ್ಗದ ಸದ್ದಿನ ಜೊತೆ ನಾವು ಅವಳ ಉಸಿರನ್ನೂ ಕೇಳುತ್ತ ಆ ದಿನಗಳನ್ನು ಕಳೆದೆವು. ಒಂದು ಸಲ ಅವಳು ಸೀನಿದ್ದಕ್ಕೆ ಅಣ್ಣ ಲಾಳಿ ಕೈಬಿಟ್ಟ. ನಾನು ಆ ದಿನಗಳಲ್ಲಿ ಯಾರನ್ನೂ ಅಣಕಿಸಲಿಲ್ಲ ಎಂದು ಅತ್ತೆ ಹೇಳುತ್ತಾಳೆ. ನನಗೆ ನೆನಪಿಲ್ಲ.

ಸೀರೆ ಇಳಿಯುವ ಬೆಳಿಗ್ಗೆ ಬಂತು. ಆ ದಿನ ಕಳೆದರೆ ಅಜ್ಜಿಯ ಗಡುವೂ ಮುಗಿದ ಹಾಗೆ. ಅಣ್ಣ ಕಡೆಯ ಎಳೆ ಹಾಕಿ ಕುಣಿಯಿಂದ ಮೇಲೆ ಬಂದ, ಈ ಸಲ ನಿಧಾನವಾಗಿ. ನಾನು ಹಿಂದೆ ಗುಡ್ಡದಲ್ಲಿ ಸೌದೆ ಆರಿಸುತ್ತಿದ್ದೆ. ಇನಸ್ಪೆಕ್ಟರು ಬಂದು ಕೂಗಿದ್ದು ಅಲ್ಲಿಗೇ ಕೇಳಿಸಿತು.

"ಅಜ್ಜಿ, ಇದ್ದೀರಾ?"

ಬೈಗಳ ಬರಲಿಲ್ಲ. ಮತ್ತೆ ಕೂಗಿದರು. ಬರಲಿಲ್ಲ. ನನ್ನ ಕೈಯ ಸೌದೆ ಎಲ್ಲಿ ಬಿತ್ತೋ, ಓಡಿ ಬಂದೆ. ಇನಸ್ಪೆಕ್ಟರು ಕರವಸ್ತ್ರ ಇಳಿಸಿ ಬಿಳಿಚಿಕೊಂಡು ನಿಂತಿದ್ದರು. ಅಷ್ಟರಲ್ಲಿ ಒಳಗಿಂದ ಒಂದು ದನಿ ಬಂತು. ತೆಳ್ಳಗೆ, ಮೂಗಿನಿಂದ, ಮೇಕೆಮರಿಯಂಥ, ಸಿಕ್ಕಿಬಿದ್ದವನ ದನಿ.

"ಅಜ್ಜಿ ಗಟ್ಟಿಮುಟ್ಟಾಗೈತೆ ಸ್ವಾಮೀ. ನಿಮ್ಗೆ ಇನ್ನೊಂದು ಸೌಟು ಔಡಲೆಣ್ಣೆ ಬೇಕಾ ಸ್ವಾಮೀ?"

ಯಾರಪ್ಪ ಈ ಪೆದ್ದ ಎಂದು ಒಂದು ಗಳಿಗೆ ಯೋಚಿಸಿದೆ. ಅತ್ತೆ ಒಳಗಿಂದಲೇ ಬಿದ್ದು ಬಿದ್ದು ನಗುತ್ತ, ನೀನೇ ಕಣೋ ಅದು ಎಂದ ಮೇಲೆ ತಿಳಿಯಿತು, ಅಜ್ಜಿಯ ಬಾಯಲ್ಲಿ ನನ್ನ ದನಿ. ಒಳಗೆ ಇಣುಕಿ ನೋಡಿದೆ. ಅಜ್ಜಿಯ ಮಡಿಲಲ್ಲಿ ಸೀರೆ ಇತ್ತು. ಇಷ್ಟು ಹೊತ್ತು ಅದರ ಕೊನೆಯ ಎಳೆಯನ್ನು ಹಲ್ಲಲ್ಲಿ ಹಿಡಿದು ಗಂಟು ಹಾಕುತ್ತಿದ್ದಳಂತೆ, ಬಾಯಿ ಬಿಟ್ಟರೆ ಜಾರುತ್ತಿತ್ತಂತೆ. ಅವಳ ಪಕ್ಕದಲ್ಲಿ ಕೂತು ಎಳೆಯ ಇನ್ನೊಂದು ತುದಿ ಹಿಡಿದಿದ್ದವಳು ಅತ್ತೆ.

ಊರಿಗೆ ವಾಪಸು ಹೋಗಲು ಅಪ್ಪಣೆಯಾಗುವ ತನಕ, ಇನಸ್ಪೆಕ್ಟರು ಬೆಳಿಗ್ಗೆ ನನ್ನನ್ನು ಕೂಗಿದಾಗಲೆಲ್ಲ ಅಜ್ಜಿಯೇ ನನ್ನ ದನಿಯಲ್ಲಿ ಓಗೊಟ್ಟಳು. ನನಗೆ ನಿದ್ದೆಗೆ ಅನುಕೂಲವಾಯಿತು.